ಮಡಚಿ ಓದಬೇಕಾದ ಪುಸ್ತಕ

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಎದುರು, ಒಂದು ಟೈಲರ್ ಅಂಗಡಿಗೂ ಒಂದು ಚಪ್ಪಲಿ ಅಂಗಡಿಗೂ ನಡುವಿನ ಇಕ್ಕಟ್ಟಿನಲ್ಲಿ ಪ್ರಸನ್ನಕುಮಾರನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆಂಟು ವರ್ಷದಿಂದ ಇದೆ. ಈ ಊರಲ್ಲಿ ಮದುವೆಯಾದವರು, ಮನೆ ಕಟ್ಟಿಸಿದವರು, ತೀರಿಕೊಂಡವರು ಎಲ್ಲರ ಹೆಸರೂ ಒಮ್ಮೆಯಾದರೂ ಅವನ ಕಂಪ್ಯೂಟರಿನ ಪರದೆಯ ಮೇಲೆ ಹಾದುಹೋಗಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಪತ್ರ, ಸೊಸೈಟಿಯ ವರದಿ, ಭಜನಾ ಮಂಡಳಿಯ ಪುಸ್ತಕ, ಹೀಗೆ ಮನುಷ್ಯನಿಗೆ ಬೇಕಾಗುವ ಕಾಗದಗಳೆಲ್ಲ ಅಲ್ಲಿ ತಯಾರಾಗುತ್ತವೆ.

ಮನುಷ್ಯ ಸಾಧು. ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಒಂದು ಸಾಲು ಕೂದಲೆಳೆಯಷ್ಟು ಓರೆಯಾದರೂ ಅವನಿಗೆ ಊಟ ಸೇರುವುದಿಲ್ಲ. ಗಿರಾಕಿ ಎದುರು ಕೂತು ಗಡಿಯಾರ ನೋಡುತ್ತಿದ್ದರೂ ಅವನು ಸ್ಕೇಲ್ ಹಿಡಿದು ಪರದೆಯನ್ನು ಅಳೆಯುತ್ತಿರುತ್ತಾನೆ. "ಎಂತ ಮಾರಾಯ, ಮದುವೆ ನಾಳಿದ್ದು, ನೀನು ಇನ್ನೂ ಮಾರ್ಜಿನ್ ಅಳೀತಾ ಕೂತಿದೀಯಲ್ಲ" ಎಂದು ಬೈಸಿಕೊಳ್ಳುವುದು ಅವನಿಗೆ ದಿನದ ಚಹಾದಷ್ಟೇ ರೂಢಿ. ಬೈದವರು ಮುಂದಿನ ಮದುವೆಗೂ ಅವನ ಹತ್ತಿರವೇ ಬರುತ್ತಾರೆ.

ಅವನು ಅಳೆದು ಅಚ್ಚು ಹಾಕಿದ್ದನ್ನು ಮಡಚುವುದು ಹೆಂಡತಿ ಸುಮನಾಳ ಕೆಲಸವಾಗಿತ್ತು. ಪುಸ್ತಿಕೆ ಮಾಡುವುದೆಂದರೆ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ, ಎಲ್ಲ ಹಾಳೆಗಳನ್ನೂ ಒಂದರೊಳಗೊಂದು ಇಟ್ಟು, ನಡುವೆ ಮಡಚಿ, ಬೆನ್ನಿಗೆ ಎರಡು ಪಿನ್ನು ಹೊಡೆಯುವುದು. ಮಡಿಕೆ ಚೂಪಾಗಿ ಕೂರಲಿ ಅಂತ ಸುಮನಾ ಒಂದು ಸ್ಟೀಲ್ ಚಮಚದ ಹಿಡಿಯಿಂದ ಹಾಳೆಯ ನಡುವನ್ನು ಒಮ್ಮೆ ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದಳು. ಆ ಚಮಚ ಮನೆಗೆ ಹೋಗುತ್ತಿರಲಿಲ್ಲ, ಅಂಗಡಿಯ ಪೆನ್‌ಸ್ಟ್ಯಾಂಡಿನಲ್ಲೇ ಇರುತ್ತಿತ್ತು. "ನೀವು ಎಷ್ಟು ಅಳೆದ್ರೂ ನಾನು ಮಡಚೋ ತನಕ ಅದು ಬರೀ ಹಾಳೆ" ಎಂದು ಗಂಡನನ್ನು ಆಡಿಕೊಳ್ಳುತ್ತಿದ್ದಳು. ಅದು ನಿಜವೇ ಆಗಿದ್ದರಿಂದ ಅವನು ನಗುತ್ತಿದ್ದ.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ಸುಮನಾ ಬಾಳೆಹೊನ್ನೂರಿನ ಹತ್ತಿರದ ತವರಿಗೆ ಒಂದು ವಾರ ಹೋಗಿದ್ದಳು. ಆ ತಿಂಗಳಲ್ಲಿ ಕಾಡಿನ ಅಂಚಿನ ಹೆಂಗಸರೆಲ್ಲ ದರಗು ಗುಡಿಸಲು ಹೋಗುತ್ತಾರೆ. ದರಗೆಂದರೆ ಮರದಡಿ ಬಿದ್ದ ಒಣ ಎಲೆ. ಅದನ್ನು ಕುಕ್ಕೆಯಲ್ಲಿ ತುಂಬಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿದರೆ ಮುಂದೆ ಅದೇ ಗೊಬ್ಬರ. ಸುಮನಾಳಿಗೆ ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಹುಡುಗಿಯಾಗಿದ್ದಾಗ ಹೋಗುತ್ತಿದ್ದ ನೆನಪಿಗೆ, ಹಳೆಯ ಗೆಳತಿಯರ ಹರಟೆಯ ಆಸೆಗೆ ಹೋದಳು. ಆ ಎಲೆಯೊಳಗೆ ಮೈಗೆ ಹತ್ತಿ ರಕ್ತ ಹೀರುವ ಉಣುಗು ಇರುತ್ತದೆ, ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಉಣುಗು ಮಂಗನ ಕಾಯಿಲೆಯನ್ನು ಹೊತ್ತಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಹೋಗುತ್ತಾರೆ, ಯಾಕೆಂದರೆ ಕೊಟ್ಟಿಗೆಗೆ ಎಲೆ ಬೇಕು.

ವಾಪಸು ಬಂದ ಐದನೇ ದಿನಕ್ಕೆ ಅವಳಿಗೆ ಜ್ವರ ಬಂತು. ತಲೆ ಸಿಡಿದುಹೋಗುತ್ತದೆ ಎಂದಳು. ಲಗ್ನಪತ್ರಿಕೆಗಳ ಭರಾಟೆಯ ಕಾಲ. ಪ್ರಸನ್ನಕುಮಾರ ಪರದೆಯಿಂದ ಕಣ್ಣು ತೆಗೆಯದೆ, "ಎರಡು ದಿನ ನೋಡೋಣ" ಎಂದ. ಎರಡು ನಾಲ್ಕಾಯಿತು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದುಕೊಟ್ಟ. ಆರನೇ ದಿನ ಆಸ್ಪತ್ರೆಗೆ ಸೇರಿಸಿದ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಹನ್ನೆರಡನೇ ದಿನ ಸುಮನಾ ಹೋದಳು. ಮೊದಲೇ ಕರೆತಂದಿದ್ದರೆ ಎಂದು ಅಲ್ಲಿನ ನರ್ಸ್ ಒಬ್ಬಳು ಯಾರಿಗೋ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಆ ಮಾತು ಅವನ ಕಿವಿಯಿಂದ ಇವತ್ತಿಗೂ ಹೊರಗೆ ಹೋಗಿಲ್ಲ.

ಬೇರೆಯವನಾಗಿದ್ದರೆ ಕುಡಿಯುತ್ತಿದ್ದನೋ, ದೇವಸ್ಥಾನ ಸುತ್ತುತ್ತಿದ್ದನೋ. ಇವನಿಗೆ ಬರುವುದು ಒಂದೇ ಕೆಲಸ. ಪುಸ್ತಕ ಮಾಡಲು ಕೂತ. ಮಂಗನ ಕಾಯಿಲೆ ಎಂದರೇನು, ಹೇಗೆ ಬರುತ್ತದೆ, ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಬದುಕಿ ಬಂದ ಮೇಲೆ ಹೇಗೆ ಸುಧಾರಿಸಿಕೊಳ್ಳಬೇಕು. ಎರಡು ವರ್ಷ ಬರೆದು ಬರೆದು ಹರಿದ. ಪರಿಚಯದ ವೈದ್ಯರೊಬ್ಬರ ಬಳಿ ಮೂರು ಸಲ ತಿದ್ದಿಸಿದ. ತನ್ನ ಮನೆಯಲ್ಲಿ ಆಡಿದ ಆ ಮೂರು ಪದ ಇನ್ನೊಂದು ಮನೆಯಲ್ಲಿ ಯಾರೂ ಆಡಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಪುಸ್ತಕವನ್ನು ಯಾರೂ ಕೊಂಡುಕೊಳ್ಳಬೇಕಾಗಿರಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಕೊಳ್ಳಬಹುದು, ಹಂಚಬಹುದು ಎಂದು ಮೊದಲ ಪುಟದಲ್ಲೇ ಬರೆದ. ಅದರ ಕೆಳಗೆ ಸುಮನಾಳ ಹೆಸರು ಹಾಕಿದ.

ಓದುವವರು ಯಾರೋ, ಅವರ ಬಳಿ ಯಾವ ಮಷಿನ್ ಇದೆಯೋ ಎಂದು ಯೋಚಿಸಿ ನಾಲ್ಕು ರೂಪದಲ್ಲಿ ತಯಾರು ಮಾಡಿದ. ಫೋನಿನಲ್ಲಿ ಓದುವವರಿಗೆ ಒಂದು. ವಯಸ್ಸಾದವರಿಗೆಂದು ದೊಡ್ಡ ಅಕ್ಷರದಲ್ಲಿ ಒಂದು. ಡೈರಿ, ರೇಷನ್ ಅಂಗಡಿಯ ಗೋಡೆಗೆ ಅಂಟಿಸಲು ಒಂದೇ ಹಾಳೆಯದ್ದು ಒಂದು. ನಾಲ್ಕನೆಯದು ಅವನ ಮುದ್ದಿನ ಕೂಸು. ಬರೀ ಎಂಟು ಹಾಳೆಯಲ್ಲಿ ಮೂವತ್ತೆರಡು ಪುಟ, ಮಡಚಿ ಪಿನ್ನು ಹೊಡೆದರೆ ಕೈಚೀಲಕ್ಕೆ ಹೋಗುವ ಪುಸ್ತಿಕೆ.

ಈ ಮಡಚುವ ಪುಸ್ತಿಕೆಯ ಫೈಲಿನಲ್ಲಿ ಪುಟಗಳು ಓದುವ ಕ್ರಮದಲ್ಲಿ ಇರುವುದಿಲ್ಲ. ಕೊನೆಯ ಪುಟದ ಮಗ್ಗುಲಿಗೆ ಮೊದಲ ಪುಟ ಕೂತಿರುತ್ತದೆ, ಎರಡನೆಯದರ ಮಗ್ಗುಲಿಗೆ ಮೂವತ್ತೊಂದು, ಮೂವತ್ತರ ಮಗ್ಗುಲಿಗೆ ಮೂರು. ನೋಡಿದರೆ ಯಾರೋ ಇಸ್ಪೀಟು ಕಲೆಸಿಟ್ಟ ಹಾಗೆ. ಎರಡೂ ಬದಿಗೆ ಅಚ್ಚಾಗಿ, ಮಡಚಿದ ಮೇಲೆ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆಗ ಎರಡನೇ ಪುಟ ಎಡಕ್ಕೆ, ಮೂರನೇ ಪುಟ ಬಲಕ್ಕೆ, ಎದುರುಬದುರು. ಪ್ರಸನ್ನಕುಮಾರ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದು ಆ ಎರಡು ಪುಟಗಳ ಮೇಲೆ. ಎರಡನೇ ಪುಟದ ಕೊನೆಗೆ, "ಜ್ವರ ಬಂದರೆ ಎರಡು ದಿನ ನೋಡೋಣ ಅನ್ನಬೇಡಿ. ಮೊದಲ ದಿನವೇ ಮಾಡಬೇಕಾದದ್ದು ಇಷ್ಟು" ಎಂದು ಬರೆದು ನಿಲ್ಲಿಸಿದ. ಕಣ್ಣು ಹಾಗೇ ಬಲಕ್ಕೆ ಹೊರಳಿದರೆ ಮೂರನೇ ಪುಟದಲ್ಲಿ ದಪ್ಪ ಅಕ್ಷರ: "ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ನೀವಾಗಿ ನೋವಿನ ಮಾತ್ರೆ ನುಂಗಬೇಡಿ." ಮೊದಲ ಪ್ರತಿಯನ್ನು ಅವನೇ ಸುಮನಾಳ ಚಮಚದಿಂದ ಮಡಚಿದ. ಮಡಚಿ, ತೆರೆದು, ಆ ಎರಡು ಪುಟಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ.

ದೀಪಾವಳಿ ಕಳೆದ ಮೇಲೆ ನಾಲ್ಕೂ ಫೈಲುಗಳನ್ನು ಇಂಟರ್ನೆಟ್ಟಿಗೆ ಹಾಕಿದ. ಫೋನ್ ಹಿಡಿದರೆ ಲಿಂಕು ಸಿಗುವ ಚೌಕದ ಚಿತ್ರವನ್ನು ಅಚ್ಚು ಹಾಕಿಕೊಂಡು, ಭಾನುವಾರಗಳಲ್ಲಿ ಬಸ್ಸು ಹತ್ತಿ ಕೊಪ್ಪ, ಶೃಂಗೇರಿ, ಮೇಗುಂದ, ಹಿರೇಕೊಡಿಗೆ ಎಂದು ತಿರುಗಿ ಕಂಡ ಗೋಡೆಗೆಲ್ಲ ಅಂಟಿಸಿ ಬಂದ. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಎಷ್ಟು ಜನ ಇಳಿಸಿಕೊಂಡರು ಎಂದು ನೋಡುವ ಚಾಳಿ ಹತ್ತಿತು. ತಿಂಗಳಾದರೂ ಐವತ್ತು ದಾಟಲಿಲ್ಲ. ಅದರಲ್ಲಿ ಅರ್ಧ ಅವನೇ ಪರೀಕ್ಷೆಗೆಂದು ಇಳಿಸಿದ್ದು. ಚೌಕದ ಚಿತ್ರದ ಮೇಲೆ ಯಾರೋ ಟ್ರ್ಯಾಕ್ಟರ್ ಮಾರಾಟದ ಚೀಟಿ ಅಂಟಿಸಿದ್ದರು. ಧರ್ಮಕ್ಕೆ ಸಿಗುವ ವಸ್ತುವಿನ ಮೇಲೆ ನಮ್ಮ ಜನರಿಗೆ ಇರುವ ಅನುಮಾನ ದೊಡ್ಡದು. ದುಡ್ಡಿಗಿಟ್ಟಿದ್ದರೆ ಚೌಕಾಶಿ ಮಾಡಿಯಾದರೂ ಒಯ್ಯುತ್ತಿದ್ದರೇನೋ.

ಡಿಸೆಂಬರಿನಲ್ಲಿ ಸುಮನಾಳ ತಮ್ಮ ಬಸವೇಶ್ ಫೋನ್ ಮಾಡಿದ. ಬಸವೇಶ್ ಇಪ್ಪತ್ತೆರಡು ವಾಟ್ಸಾಪ್ ಗ್ರೂಪುಗಳಲ್ಲಿ ಇರುವ ಮನುಷ್ಯ. ಸೊಸೈಟಿಯ ಗ್ರೂಪು, ಅಡಿಕೆ ರೇಟಿನ ಗ್ರೂಪು, ಕಾಳಿಂಗ ಹಿಡಿಯುವವರ ಗ್ರೂಪು, ಯಾವುದನ್ನೂ ಬಿಟ್ಟವನಲ್ಲ.

"ಭಾವ, ಈ ಲಿಂಕ್ ಗಿಂಕ್ ಎಲ್ಲ ನಮ್ಮ ಕಡೆ ಆಗೋದಲ್ಲ. ನೆಮ್ಮಾರ್ ಕಡೆ ಹೋದ್ರೆ ನೆಟ್‌ವರ್ಕೇ ಇಲ್ಲ. ಒಂದೇ ಒಂದು ಫೈಲ್ ಕಳ್ಸಿ, ನಾನು ಎಲ್ಲ ಕಡೆ ಬಿಡ್ತೀನಿ" ಎಂದ.

ಯಾವ ಫೈಲು? ಪ್ರಸನ್ನಕುಮಾರನ ಮಗಳು ನಿಶ್ಚಿತಾ ಅಲ್ಲೇ ಇದ್ದಳು. ಊರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಅವಳು, ಮಕ್ಕಳ ಅಪ್ಪ ಅಮ್ಮಂದಿರು ಏನನ್ನು ಓದುತ್ತಾರೆ, ಏನನ್ನು ಓದುವುದಿಲ್ಲ ಎಂದು ಚೆನ್ನಾಗಿ ಬಲ್ಲವಳು. "ಅಪ್ಪ, ಫೋನಿಂದು ಕಳ್ಸು. ಯಾರೂ ಪ್ರಿಂಟ್ ತೆಗೆಯಲ್ಲ" ಎಂದಳು.

"ಫೋನಲ್ಲಿ ಓದಿದ್ದು ಫೋನಲ್ಲೇ ಉಳಿಯತ್ತೆ. ಕೈಗೆ ಪುಸ್ತಕ ಬಂದ್ರೆ ಮನೇಲಿ ಇರತ್ತೆ" ಎಂದ ಅವನು. ಮಡಚುವ ಪುಸ್ತಿಕೆಯ ಫೈಲನ್ನೇ ಕಳಿಸಿದ. ಗೋಡೆಯ ಹಾಳೆ ಬಿಟ್ಟರೆ ಅದೇ ಎಲ್ಲಕ್ಕಿಂತ ಚಿಕ್ಕದು, ಅದೇ ಎಲ್ಲಕ್ಕಿಂತ ಚೆಂದ. ಹಿಂದೆಯೇ ಒಂದು ಸೂಚನೆಯನ್ನೂ ಬರೆದು ಕಳಿಸಿದ: ಎರಡೂ ಬದಿಗೆ ಅಚ್ಚು ಹಾಕಿ, ನಡುವೆ ಮಡಚಿ, ಪಿನ್ನು ಹೊಡೆಯಿರಿ. ಬಸವೇಶ್ ಫೈಲನ್ನು ಇಪ್ಪತ್ತೆರಡು ಗ್ರೂಪಿಗೂ ಬಿಟ್ಟ. ಸೂಚನೆ ಬೇರೆ ಮೆಸೇಜಾಗಿತ್ತು, ಅದು ಅವನ ಫೋನಿನಲ್ಲೇ ಉಳಿಯಿತು.

ಫೈಲು ಹೊರಟಿತು. ಜನವರಿ ಮೊದಲ ವಾರದಲ್ಲಿ ಶೃಂಗೇರಿಯ ಪರಿಚಯದವರೊಬ್ಬರಿಂದ ಅದು ಪ್ರಸನ್ನಕುಮಾರನಿಗೇ ತಿರುಗಿ ಬಂತು, ಮೇಲೆ "ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ" ಎಂಬ ಗುರುತಿನೊಂದಿಗೆ. ಅವನು ಆ ಗುರುತನ್ನು ನಿಶ್ಚಿತಾಳಿಗೆ ತೋರಿಸಿದ, ಪಕ್ಕದ ಟೈಲರಿಗೆ ತೋರಿಸಿದ, ಚಪ್ಪಲಿ ಅಂಗಡಿಯವನನ್ನೂ ಬಿಡಲಿಲ್ಲ. ಮೂರು ವರ್ಷದಲ್ಲಿ ಅವನು ಅಷ್ಟು ಸಂತೋಷಪಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅದೇ ವಾರ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಫೋನಿನಲ್ಲಿ ತನ್ನ ಪುಸ್ತಕವನ್ನೇ ನೋಡುತ್ತಿರುವುದನ್ನು ಕಂಡ. ಪರದೆಯ ಬಲಕ್ಕೆ ಮುಖಪುಟ, ಎಡಕ್ಕೆ ಹಿಂದಿನ ರಕ್ಷಾಪುಟ, ಎರಡೂ ಒಟ್ಟಿಗೆ. ಪ್ರಿಂಟ್ ತೆಗೆಸಿ ಮಡಚಿಕೊಳ್ಳಿ ಎಂದು ಹೇಳಬೇಕೆಂದು ಬಾಯಿಗೆ ಬಂತು. ಅಪರಿಚಿತ ಹೆಂಗಸಿನ ಫೋನಿಗೆ ಇಣುಕಿದ್ದು ಗೊತ್ತಾಗುತ್ತದೆ ಎಂದು ಸಂಕೋಚಪಟ್ಟು ಸುಮ್ಮನಾದ. ಸಂಕೋಚಕ್ಕಿಂತ ಹೆಚ್ಚಾಗಿ, ಸುಮನಾಳ ಹೆಸರು ಆ ಪರದೆಯ ಮೇಲೆ ಇರುವುದನ್ನು ನೋಡುತ್ತ ಮೈಮರೆತಿದ್ದ.

ಫೆಬ್ರವರಿ ಕಳೆದು ಮಾರ್ಚಿನಲ್ಲಿ ಒಂದು ಬೆಳಗ್ಗೆ, ಅಂಗಡಿಯ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿರುವಾಗ ಒಬ್ಬ ಮನುಷ್ಯ ಬಂದು ಮೆಟ್ಟಿಲ ಕೆಳಗೆ ನಿಂತ. ಐವತ್ತರ ಆಚೀಚೆ ವಯಸ್ಸು, ಒಗೆದು ಸವೆದ ಬಿಳಿ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಪ್ರಸನ್ನಕುಮಾರ್ ಅಂದ್ರೆ ನೀವೇನಾ?"

"ಹೌದು. ಎಂತ ಆಗ್ಬೇಕಿತ್ತು?"

"ನಾನು ಬೂತಪ್ಪ ಅಂತ. ಮೇಗುಂದದಿಂದ ಆಚೆ, ಕಾಡಿನ ಬುಡದಾಗೆ ನಮ್ಮ ಮನೆ. ಎರಡು ಬಸ್ ಹತ್ತಿ ಬಂದೆ. ಈ ಪುಸ್ತಕ ಬರೆದೋರು ನೀವೇ ಅಲ್ವಾ? ಮೊದಲ ಹಾಳೇಲಿ ನಿಮ್ಮ ಅಂಗಡಿ ಹೆಸರು ಅದೆ."

ಅವನು ಚೀಲದಿಂದ ತೆಗೆದದ್ದನ್ನು ಕಂಡು ಪ್ರಸನ್ನಕುಮಾರನಿಗೆ ಮೊದಲು ಅರ್ಥವೇ ಆಗಲಿಲ್ಲ. ಅದು ಪುಸ್ತಿಕೆಯಾಗಿರಲಿಲ್ಲ. ಹದಿನಾರು ಹಾಳೆಗಳು, ಒಂದೇ ಬದಿಗೆ ಅಚ್ಚಾದವು, ಅರ್ಜಿಯ ಕಾಗದಗಳಿಗೆ ಹೊಡೆದಂತೆ ಎಡಮೂಲೆಯಲ್ಲಿ ಒಂದು ಪಿನ್ನು. ಎಲ್ಲೂ ಮಡಿಕೆ ಇರಲಿಲ್ಲ. ಮೂಲೆಗಳು ಎಣ್ಣೆ ಹಿಡಿದು ಮೆತ್ತಗಾಗಿದ್ದವು. ಯಾರೋ ಅದನ್ನು ಮತ್ತೆ ಮತ್ತೆ ಓದಿದ್ದರು.

"ನಮ್ಮ ಮನೆಯೋಳು ಹೋದ್ಲು ಸಾರ್" ಎಂದ ಬೂತಪ್ಪ, ನಿಂತಲ್ಲಿಂದಲೇ. "ಯಲ್ಲಕ್ಕ ಅಂತ. ಇಪ್ಪತ್ತು ದಿನ ಆತು. ತೋಟದೋರ ಕೊಟ್ಟಿಗೆಗೆ ದರಗು ಹೊರೋಕೆ ಹೋಗ್ತಿದ್ಲು. ಇದೇ ಕಾಯಿಲೆ."

ಪ್ರಸನ್ನಕುಮಾರ ಕುರ್ಚಿ ಸರಿಸಿಕೊಟ್ಟ. ಬೂತಪ್ಪ ಒಳಗೆ ಬಂದ, ಕೂರಲಿಲ್ಲ.

"ನಾ ಬಯ್ಯಾಕೆ ಬಂದೋನಲ್ಲ. ಹಿಂಗಿಂಗೆ ಮಾಡಿ ಅಂತ ನೀವು ಬರೆದಿದ್ರಿ, ಹಂಗೇ ಮಾಡೀನಿ. ಎಲ್ಲಿ ತಪ್ಪಿದೆ ಅಂತ ತಿಳೀತಾ ಇಲ್ಲ. ನಾ ಏಳನೇ ಕ್ಲಾಸು. ಭಾವಮೈದುನರು ಊರೆಲ್ಲ ಹೇಳ್ಕೊಂಡು ತಿರುಗ್ತಾರೆ, ಓದಾಕೆ ಬರದೋನು ಪುಸ್ತಕ ಹಿಡ್ಕೊಂಡು ಹೆಂಡ್ತೀನ ಕೊಂದ ಅಂತ. ನೀವೇ ನೋಡಿ ಹೇಳ್ಬೇಕು. ನಾ ಓದ್ತೀನಿ, ನೀವು ಕೇಳಿ."

ಹಾಳೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಶಾಲೆಯಲ್ಲಿ ನಿಂತು ಓದುವ ಹಾಗೆ ಬಿಡಿಬಿಡಿಯಾಗಿ ಓದತೊಡಗಿದ. "ಜ್ವರ ಬಂದರೆ ಎರಡು ದಿನ ನೋಡೋಣ ಅನ್ನಬೇಡಿ. ಮೊದಲ ದಿನವೇ ಮಾಡಬೇಕಾದದ್ದು ಇಷ್ಟು." ಬೆರಳು ಎಡ ಪುಟದ ತಳದಿಂದ ಎದ್ದು ಬಲ ಪುಟದ ತಲೆಗೆ ಹೋಯಿತು. "ಹದಿನೈದು ದಿನ ಮನೆಯಲ್ಲೇ ಮಲಗಿರಬೇಕು. ದಣಿವಿನ ಕೆಲಸ ಬೇಡ. ಗಂಜಿ, ಎಳನೀರು, ಮಜ್ಜಿಗೆ ಕೊಡಿ. ಸುಸ್ತು ಇದ್ದೇ ಇರುತ್ತದೆ, ಹೆದರಬೇಡಿ."

ಅದು ಮೂವತ್ತೊಂದನೇ ಪುಟ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದವರು ಸುಧಾರಿಸಿಕೊಳ್ಳುವುದು ಹೇಗೆ ಎಂದು ಬರೆದದ್ದು.

"ಮೊದಲ ದಿನವೇ ಮಲಗಿಸ್ದೆ ಸಾರ್. ಅವಳು ಕೇಳಲಿಲ್ಲ, ಕೆಲಸಕ್ಕೆ ಹೋಗ್ತೀನಿ ಅಂದ್ಲು, ಬೈದು ಮಲಗಿಸ್ದೆ. ದಿನಾ ಎರಡು ಎಳನೀರು ತಂದೆ. ಗಂಜಿ ನಾನೇ ಕಾಯಿಸ್ದೆ. ಆಮೇಲಿನ ಹಾಳೇಲಿ ಆಸ್ಪತ್ರೆಗೆ ಹೋಗಿ ಅಂತ ದಪ್ಪಕೆ ಅದೆ, ನೋಡೀನಿ. ಹದಿನೈದು ದಿನ ಆದ್ಮೇಲೆ ಹೋಗ್ಬೇಕು ಅಂತ ತಿಳ್ಕಂಡು ಗೋಡೆ ಮೇಲೆ ಮಸಿ ಗೆರೆ ಎಳೀತಾ ಇದ್ದೆ. ಒಂಬತ್ತನೇ ಗೆರೆಗೆ ಬಾಯಲ್ಲಿ ರಕ್ತ ಬಂತು." ಬೂತಪ್ಪ ಹಾಳೆಗಳನ್ನು ನೇರ ಮಾಡಿ ಟೇಬಲ್ಲಿನ ಮೇಲಿಟ್ಟ. "ಎಳನೀರು ಕಮ್ಮಿ ಆತಾ?"

ಈ ಪ್ರಶ್ನೆಗೆ ಉತ್ತರ ಹೇಳದೆ ತಪ್ಪಿಸಿಕೊಳ್ಳಲು ದಾರಿ ಇತ್ತು. ವಿಧಿ ಎನ್ನಬಹುದಿತ್ತು, ಕೆಲವರಿಗೆ ಕಾಯಿಲೆ ಜೋರಾಗಿ ಬರುತ್ತದೆ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಪ್ರಸನ್ನಕುಮಾರ ಆ ದಾರಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಮಷಿನ್ ಹಾಕಿ, ಎಂಟು ಹಾಳೆಯ ಎರಡೂ ಬದಿಗೆ ಪುಸ್ತಿಕೆಯನ್ನು ಅಚ್ಚು ಹಾಕಿ, ಪೆನ್‌ಸ್ಟ್ಯಾಂಡಿನಿಂದ ಚಮಚ ತೆಗೆದು, ಬೂತಪ್ಪನ ಎದುರಿಗೇ ಮಡಚಿದ. ಮಡಿಕೆ ಓರೆಯಾಯಿತು. ತೆರೆದು ಎರಡನೇ ಪುಟವನ್ನೂ ಮೂರನೇ ಪುಟವನ್ನೂ ತೋರಿಸಿದ.

ಬೂತಪ್ಪ ಬೆರಳಿಟ್ಟು ಓದಿದ. ಮತ್ತೆ ತನ್ನ ಹಾಳೆಗಳನ್ನು ನೋಡಿದ, ಮತ್ತೆ ಇದನ್ನು ನೋಡಿದ. ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಮಡಚಬೇಕಿತ್ತಾ?"

"ಮಡಚಬೇಕಿತ್ತು."

"ನಮಗೆ ಯಾರೂ ಹೇಳಲಿಲ್ಲ."

"ಇಲ್ಲ. ನಾನು ಹೇಳಬೇಕಿತ್ತು. ಪುಸ್ತಕದೊಳಗೇ ಬರೀಬೇಕಿತ್ತು. ಮಡಚದೇ ಓದೋ ಫೈಲು ಕಳಿಸಬೇಕಿತ್ತು. ತಪ್ಪು ನಂದು ಬೂತಪ್ಪ."

ಹೊರಗೆ ಶಿವಮೊಗ್ಗದ ಬಸ್ಸಿನವನು ಊರುಗಳ ಹೆಸರು ಕೂಗುತ್ತಿದ್ದ. ಬೂತಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಪ್ರಸನ್ನಕುಮಾರ ಕಾದ. ಹೊಡೆದರೆ ಸಾಕಪ್ಪ ಎಂದೇ ಕಾದ.

"ಹಂಗಾದ್ರೆ ನಾ ಓದಿದ್ದು ಸರಿಯಾಗೇ ಓದೀನಿ" ಎಂದ ಬೂತಪ್ಪ.

"ಸರಿಯಾಗೇ ಓದಿದೀರಿ."

"ಅದನ್ನ ಒಂದು ಹಾಳೇಲಿ ಹೊಡೆದು ಕೊಡ್ತೀರಾ ಸಾರ್? ಊರಲ್ಲಿ ತೋರಿಸ್ಬೇಕು."

ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಬಗೆಯ ಕಾಗದ ಟೈಪು ಮಾಡಿದ್ದವನು ಅಂಥ ಕಾಗದ ಮಾಡಿರಲಿಲ್ಲ. 'ಮೇಗುಂದ ಹೋಬಳಿಯ ಬೂತಪ್ಪ ಅವರು ಪುಸ್ತಕವನ್ನು ಸರಿಯಾಗಿಯೇ ಓದಿದ್ದಾರೆ ಮತ್ತು ಅದರಲ್ಲಿದ್ದಂತೆಯೇ ನಡೆದುಕೊಂಡಿದ್ದಾರೆ. ತಪ್ಪು ಪುಸ್ತಕ ಮಾಡಿದವನದು.' ಮಾರ್ಜಿನ್ ಅಳೆಯಲಿಲ್ಲ. ಸಹಿ ಹಾಕಿ, ಅಂಗಡಿಯ ಸೀಲು ಒತ್ತಿ ಕೊಟ್ಟ. ಬೂತಪ್ಪ ಅದನ್ನು ಓದಿ, ಮಡಚದೆ, ಚೀಲದೊಳಗೆ ನೆಟ್ಟಗೆ ಇಟ್ಟುಕೊಂಡು ಹೊರಟ. ಸುಮನಾಳಿಗೆ ಎರಡು ದಿನ ನೋಡೋಣ ಅಂದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಲು ಹೋದವನು ಯಲ್ಲಕ್ಕನಿಗೆ ಹದಿನೈದು ದಿನ ಮಲಗು ಎಂದಿದ್ದ. ಈ ಲೆಕ್ಕ ಅವನ ತಲೆಯಲ್ಲಿ ಅಂದು ಶುರುವಾದದ್ದು ನಿಂತಿಲ್ಲ.

ಆ ದಿನವೇ ಇಂಟರ್ನೆಟ್ಟಿನಿಂದ ಪುಸ್ತಿಕೆಯ ಫೈಲು ತೆಗೆದ. ನಿಶ್ಚಿತಾ ಒಂದು ತಿದ್ದುಪಡಿಯ ಮೆಸೇಜು ಬರೆದು, ತನ್ನ ದನಿಯಲ್ಲೂ ಹೇಳಿ ಕಳಿಸಿದಳು. ಅಪ್ಪನಿಗೆ, ನಾನು ಹೇಳಿರಲಿಲ್ಲವೇ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬಸವೇಶ್ ಇಪ್ಪತ್ತೆರಡು ಗ್ರೂಪಿಗೂ ತಿದ್ದುಪಡಿ ಬಿಟ್ಟ. ಮೊದಲಿನ ಫೈಲಿಗೆ ಕೈಮುಗಿದ ಚಿತ್ರ ಹಾಕಿದವರು ಇದಕ್ಕೂ ಕೈಮುಗಿದ ಚಿತ್ರ ಹಾಕಿದರು. ಓದಿದವರು ಯಾರೂ ಇದ್ದಂತೆ ಕಾಣಲಿಲ್ಲ. ಗ್ರೂಪು ದಾಟಿ ಹೋದ ಫೈಲನ್ನು ಹಿಂದಕ್ಕೆ ಕರೆಯುವುದಕ್ಕೆ ಬರುವುದಿಲ್ಲ. ನಾಲ್ಕು ದಿನ ಬಿಟ್ಟು ಯಾರೋ ಅವನಿಗೇ ಮತ್ತೆ ಅದನ್ನು ಕಳಿಸಿದರು: ಉಪಯುಕ್ತ ಮಾಹಿತಿ, ಎಲ್ಲರಿಗೂ ತಲುಪಿಸಿ.

ಕಾಗದವನ್ನಾದರೂ ಹಿಂದಕ್ಕೆ ತರಬಹುದಲ್ಲ ಎಂದು ಹೊರಟ. ಬೂತಪ್ಪನ ಹಾಳೆ ಅಚ್ಚಾದದ್ದು ಕೊಪ್ಪದ ಮುಬಶಿರ್‌ನ ಜೆರಾಕ್ಸ್ ಅಂಗಡಿಯಲ್ಲಿ ಎಂದು ವಿಚಾರಿಸಿ ತಿಳಿದುಕೊಂಡ. ಇಬ್ಬರೂ ಒಂದೇ ಕಸುಬಿನವರು, ಹಳೆಯ ಸ್ನೇಹಿತರು. ಮುಬಶಿರ್ ವಿಷಯ ಕೇಳಿ ಓಡುತ್ತಿದ್ದ ಮಷಿನ್ ನಿಲ್ಲಿಸಿದ.

"ಮೇಗುಂದದ ಪ್ರೇಮಕ್ಕ ಬಂದಿದ್ರು, ಮಹಿಳಾ ಸಂಘದೋರು. ಫೋನಿಂದ ಕೊಟ್ರು, ಮೂವತ್ತು ಸೆಟ್ ಅಂದ್ರು. ನನ್ನ ಮಷಿನ್ನಲ್ಲಿ ಎರಡೂ ಬದಿ ಹೊಡೆಯೋದು ಕೆಟ್ಟು ವರ್ಷ ಆಯ್ತು. ಒಂದೇ ಬದಿ ಹೊಡೆದೆ. ಪುಟ ಏನೋ ಹಿಂದೆಮುಂದೆ ಇದೆ ಅನ್ನಿಸ್ತು ಮಾರಾಯ. ಗಿರಾಕಿ ನಿಂತಿದ್ರು. ನಾವೆಲ್ಲಿ ಓದ್ತೀವಿ, ಹೊಡೀತೀವಿ ಅಷ್ಟೆ" ಎಂದ. ಅದು ನಿಜ. ಪ್ರಸನ್ನಕುಮಾರನೂ ಇಪ್ಪತ್ತೆಂಟು ವರ್ಷ ಹಾಗೆಯೇ ಹೊಡೆದಿದ್ದ.

ಮುಂದಿನ ಶುಕ್ರವಾರ ಅವನು ಪ್ರೇಮಕ್ಕನ ಸಂಘದ ವಾರದ ಸಭೆಗೆ ಹೋದ. ಪ್ರೇಮಕ್ಕ ಎಂಬಾಕೆ ಏಳು ಸಂಘಗಳನ್ನು ನಡೆಸುವ ಗಟ್ಟಿಗಿತ್ತಿ. ಪುಸ್ತಕ ಬರೆದವರು ಎಂದು ತಿಳಿದದ್ದೇ ಕುರ್ಚಿ ಹಾಕಿಸಿ, ಚಹಾ ತರಿಸಿ, ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಮೊದಲು ನಮ್ಮೋರ ಬಾಯಲ್ಲಿ ಕೇಳಿ, ಆಮೇಲೆ ಮಾತು" ಎಂದಳು.

ಸಂಘದ ಸಭೆ ಶುರುವಾಗುವಾಗ ಎಲ್ಲರೂ ಎದ್ದು ನಿಂತು ಒಕ್ಕೊರಲಲ್ಲಿ ಪ್ರತಿಜ್ಞೆ ಹೇಳುವುದು ರೂಢಿ. ಓದು ಬಾರದವರೂ ಕೇಳಿ ಕೇಳಿ ಹೇಳುತ್ತಾರೆ. ಇಪ್ಪತ್ತು ಹೆಂಗಸರು ನಿಂತರು, ಕೈಮುಗಿದರು, ಪ್ರತಿಜ್ಞೆ ಮುಗಿಸಿದರು, ಅದೇ ರಾಗದಲ್ಲಿ ಮುಂದುವರಿಸಿದರು. ಜ್ವರ ಬಂದರೆ ಎರಡು ದಿನ ನೋಡೋಣ ಅನ್ನಬೇಡಿ. ಮೊದಲ ದಿನವೇ ಮಾಡಬೇಕಾದದ್ದು ಇಷ್ಟು. ಹದಿನೈದು ದಿನ ಮನೆಯಲ್ಲೇ ಮಲಗಿರಬೇಕು. ಗಂಜಿ, ಎಳನೀರು, ಮಜ್ಜಿಗೆ ಕೊಡಿ. ಹೆದರಬೇಡಿ. ಒಬ್ಬರೂ ತಡವರಿಸಲಿಲ್ಲ. ಪ್ರೇಮಕ್ಕ ಹೆಮ್ಮೆಯಿಂದ ಅವನ ಮುಖ ನೋಡಿದಳು.

ಅವನು ಎದ್ದು ನಡೆದದ್ದನ್ನೆಲ್ಲ ಹೇಳಿದ. ಯಲ್ಲಕ್ಕನ ಹೆಸರು ಹಿಡಿದೇ ಹೇಳಿದ. ಸಭೆಯಲ್ಲಿ ಗದ್ದಲವಾಯಿತು, ಇಬ್ಬರು ಅತ್ತರು, ಪ್ರೇಮಕ್ಕ ಸೆರಗು ಬಾಯಿಗೆ ಒತ್ತಿ ಕೂತುಬಿಟ್ಟಳು. ಆಮೇಲೆ ಅವಳೇ ಸಾವರಿಸಿಕೊಂಡು ಎದ್ದು ಸರಿಯಾದದ್ದನ್ನು ಎಲ್ಲರಿಂದ ಐದು ಸಲ ಹೇಳಿಸಿದಳು. ಹಾಳೆಗಳನ್ನು ವಾಪಸು ತರಿಸಿದಳು. ಮೂವತ್ತರಲ್ಲಿ ಹತ್ತೊಂಬತ್ತು ಸಿಕ್ಕವು.

ಅವನನ್ನು ಬೀಳ್ಕೊಡಲು ಬಾಗಿಲ ತನಕ ಬಂದು, ದನಿ ತಗ್ಗಿಸಿ ಹೇಳಿದಳು: "ಹಾಳೆ ಬಿಡಿ, ಇವತ್ತಲ್ಲ ನಾಳೆ ತಂದುಕೊಟ್ಟೇನು. ಏಳು ಸಂಘಕ್ಕೂ ಬಾಯಿಪಾಠ ಮಾಡಿಸಿದೀನಿ. ಅವರೆಲ್ಲ ತವರಿಗೆ ಹೋದಾಗ ಅಲ್ಲಿನೋರಿಗೂ ಹೇಳಿಕೊಟ್ಟಿದಾರೆ. ಅದನ್ನ ಎಲ್ಲಿಂದ ತರ್ಲಿ ಹೇಳಿ."

ಅವನು ಹಾಳೆಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಸ್ಸು ನಿಲ್ಲುವ ಶೆಡ್ಡಿಗೆ ಬಂದ. ಸಭೆಯಲ್ಲಿದ್ದ ಒಬ್ಬ ಹೆಂಗಸೂ ಅಲ್ಲಿಗೇ ಬಂದಳು. ಕಂಕುಳಲ್ಲಿ ಮಡಚಿದ ಗೋಣಿ ಇತ್ತು, ಕೈಯಲ್ಲಿ ಎಲೆ ಬಾಚುವ ಕೋಲಿತ್ತು. ಸಂಜೆಯೊಳಗೆ ಒಂದು ಹೊರೆ ತಂದುಬಿಡಬೇಕು ಎಂದಳು. ಐದು ಸಲ ಹೇಳಿಸಿದ್ದು ಬಾಯಿಗೆ ಬಂತಾ ಎಂದು ಅವನು ಕೇಳಿದ. ಬರದೆ ಏನು ಎಂದು ಅವಳು ಗೋಣಿಯನ್ನು ನೆಲಕ್ಕಿಟ್ಟು, ಕೈಮುಗಿದು, ಅದೇ ರಾಗದಲ್ಲಿ ಶುರುಮಾಡಿದಳು. ಎರಡು ದಿನ ನೋಡೋಣ ಅನ್ನಬೇಡಿ. ಮೊದಲ ದಿನವೇ ಮಾಡಬೇಕಾದದ್ದು ಇಷ್ಟು. ಹದಿನೈದು ದಿನ ಮನೆಯಲ್ಲೇ ಮಲಗಿರಬೇಕು.

ನಾಲಿಗೆ ಕಚ್ಚಿಕೊಂಡಳು. "ರಾಗ ಎಳ್ಕೊಂಡು ಹೋಗ್ತದೆ ನೋಡಿ" ಎಂದು ನಾಚಿಕೊಂಡು ನಕ್ಕಳು.

ಬಸ್ಸು ಬಂತು. ಅವನು ಹತ್ತಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದ.

ಅವಳು ಮತ್ತೆ ಕೈಮುಗಿದಳು. ನಿಧಾನವಾಗಿ, ಜಾಗ್ರತೆಯಿಂದ, ಒಂದೊಂದೇ ಮಾತು ಹೇಳುತ್ತ ಬಂದಳು. ಆ ಜಾಗಕ್ಕೆ ಬಂದಾಗ ಒಂದು ಕ್ಷಣ ತಡೆದಳು, ಅವನ ಮುಖ ನೋಡಿದಳು, ಹದಿನೈದು ದಿನ ಎಂದಳು.